ಹ್ಯಾಗ್‌ಶಾದ ಏಳು ಅಡಿ

ಬೆರಿಲ್ ನ್ಯಾಟ್ರಸ್ ಕಾರಿನ ಸೀಟಿನ ಅಂಚಿನಲ್ಲಿ ಕೂತು, ಎರಡೂ ಕಾಲು ಹೊರಗಿಟ್ಟು, ಬೂಟಿನ ದಾರ ಕಟ್ಟಿಕೊಳ್ಳುವಷ್ಟರಲ್ಲೇ ಅರ್ಧ ಸುಸ್ತಾಗಿದ್ದಳು. ಬಲ ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. ಇನ್ನು ಒಂಬತ್ತು ದಿನಕ್ಕೆ, ಅಕ್ಟೋಬರ್ ಇಪ್ಪತ್ತೆಂಟರಂದು, ಕಾರ್ಲೈಲಿನ ಆಸ್ಪತ್ರೆಯಲ್ಲಿ ಆ ಮೊಣಕಾಲನ್ನು ತೆಗೆದು ಲೋಹದ್ದೊಂದನ್ನು ಕೂರಿಸುವವರಿದ್ದರು. ಹದಿನಾಲ್ಕು ತಿಂಗಳು ಕಾದು ಪಡೆದ ದಿನಾಂಕ ಅದು. ಮೂವತ್ತೊಂದು ವರ್ಷ ಮನೆಮನೆ ತಿರುಗುವ ನರ್ಸ್ ಆಗಿದ್ದವಳಿಗೆ ಆಮೇಲಿನದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆರು ವಾರ ಊರುಗೋಲು, ಮೂರು ತಿಂಗಳು ಸಮತಟ್ಟು ರಸ್ತೆ, ಬೆಟ್ಟಗಿಟ್ಟ ಎಲ್ಲ ಒಂದು ವರ್ಷದ ಮೇಲೆ ನೋಡೋಣ. ಅವಳಿಗೆ ಎಪ್ಪತ್ತೆರಡು. 'ನೋಡೋಣ' ಎಂದು ಅವಳೇ ಎಷ್ಟೋ ಮುದುಕರಿಗೆ ಹೇಳಿದ್ದಳು. ಅವರಲ್ಲಿ ಯಾರೂ ಆಮೇಲೆ ನೋಡಿರಲಿಲ್ಲ.

ಹಾಗಾಗಿ ಹ್ಯಾಗ್‌ಶಾ ಬೆಟ್ಟ ಹತ್ತುವುದಿದ್ದರೆ ಇವತ್ತೇ ಹತ್ತಬೇಕು.

ಗೇಟಿನ ಹತ್ತಿರ ನೆವಿಲ್ ನಿಂತಿದ್ದ. ಅವಳ ಗಂಡ ಡೆಸ್‌ನ ತಮ್ಮ, ಅರವತ್ತೊಂಬತ್ತು ವಯಸ್ಸು, ಪೆನ್ರಿತ್ ಬಸ್ಸು ಓಡಿಸಿ ನಿವೃತ್ತನಾದವನು. ಅಪಾಯಿಂಟ್‌ಮೆಂಟ್ ತಪ್ಪಿಸಿಕೊಂಡ ರೋಗಿಯ ಮುಖ ಹೊತ್ತುಕೊಂಡು ಬಂದಿದ್ದ. ಒಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ ಎಂಬುದೊಂದೇ ಅವನು ಬಂದುದಕ್ಕೆ ಕಾರಣ. ಅದನ್ನು ಅವನು ಬರುವ ದಾರಿಯಲ್ಲಿ ಮೂರು ಸಲ ಹೇಳಿಯೂ ಆಗಿತ್ತು.

"ಸಿಸ್ಟರ್, ಬೂಟು ಕಟ್ಕೊಳ್ಳೋಷ್ಟರಲ್ಲಿ ಕತ್ಲೆ ಆಗತ್ತೆ," ಎಂದ. ಅವಳು ಕೆಲಸದಲ್ಲಿದ್ದ ಕಾಲದಿಂದಲೂ ಅವನು ಅವಳನ್ನು ಕರೆಯುತ್ತಿದ್ದುದು ಹಾಗೆಯೇ.

"ಬಸ್ಸು ಹೊರಡೋ ಟೈಮಿಗೆ ಯಾವತ್ತಾದ್ರೂ ಹೊರಟಿದ್ದೆಯೇನೋ ನೀನು," ಎಂದಳು ಬೆರಿಲ್. ಆಗ ಗಂಟೆ ಒಂಬತ್ತು ನಲವತ್ತು.

ಅವರಿಬ್ಬರ ಕ್ಲಬ್ಬಿನ ಪಟ್ಟಿಯಲ್ಲಿ ಎರಡು ಸಾವಿರ ಅಡಿ ದಾಟಿದ ಬೆಟ್ಟಗಳು ಇನ್ನೂರ ಮೂವತ್ತೆಂಟು. ಅಷ್ಟನ್ನೂ ಹತ್ತಿ ಮುಗಿಸಿದವರ ಹೆಸರು ಒಂದು ಸಂಖ್ಯೆಯ ಸಮೇತ ನೋಂದಣಿ ಪುಸ್ತಕಕ್ಕೆ ಹೋಗುತ್ತದೆ. ಸಾಕ್ಷಿ ಬೇಕಿಲ್ಲ, ಫೋಟೋ ಬೇಕಿಲ್ಲ. ಪುಸ್ತಕ ಇಟ್ಟುಕೊಂಡಿರುವ ಹೆಸ್ಟರ್ ರೇನ್ ಎಂಬ ಮುದುಕಿಗೆ 'ಮುಗಿಸಿದೆ' ಎಂದು ಒಂದು ಕಾಗದ ಬರೆದರೆ ಆಯಿತು, ಆಕೆ ನಂಬುತ್ತಾಳೆ. ನಿಯಮ ಒಂದೇ ಒಂದು: ಬೆಟ್ಟದ ಅತಿ ಎತ್ತರದ ನೆಲದ ಮೇಲೆ ಸ್ವಂತ ಕಾಲು ಊರಿರಬೇಕು. ಮೂರು ವರ್ಷದ ಹಿಂದೆ ಬೆರಿಲ್ ಮತ್ತು ನೆವಿಲ್ ಒಂದೇ ದಿನ ಮುಗಿಸಿದರು. ಕೊನೆಯ ಬೆಟ್ಟದ ತುದಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೇಕು ಕತ್ತರಿಸಿದರು. ಅವಳು ನಾನೂರ ಹನ್ನೆರಡು, ಅವನು ನಾನೂರ ಹದಿಮೂರು. ಡೆಸ್‌ಗೆ ಆ ಭಾಗ್ಯವಿರಲಿಲ್ಲ. ಹನ್ನೊಂದು ಬೆಟ್ಟ ಬಾಕಿಯಿಟ್ಟು 2012ರಲ್ಲಿ ತೀರಿಕೊಂಡಿದ್ದ.

ಈ ಏಪ್ರಿಲ್‌ನಲ್ಲಿ ಕ್ಲಬ್ಬಿನ ಸುತ್ತೋಲೆ ಬಂತು. ಅದರ ನಾಲ್ಕನೇ ಪುಟದ ಕೆಳಗೆ ಎರಡು ಸಾಲು: 'ಹ್ಯಾಗ್‌ಶಾದ ಅಳತೆಗಂಬವನ್ನು ಮುಟ್ಟಿ ಬಂದವರು ಹ್ಯಾಗ್‌ಶಾ ಹತ್ತಿದಂತಲ್ಲ ಎಂದು ಸದಸ್ಯರಿಗೆ ಮತ್ತೊಮ್ಮೆ ನೆನಪಿಸುತ್ತೇವೆ. ಕಂಬವಿರುವುದು 2,204 ಅಡಿಯಲ್ಲಿ. ಅಲ್ಲಿಂದ ಆರುನೂರ ಐವತ್ತು ಮೀಟರ್ ಪೂರ್ವಕ್ಕಿರುವ ಹುಲ್ಲಿನ ದಿಬ್ಬ 2,211 ಅಡಿ.'

ಬೆರಿಲ್ ಅದನ್ನು ಅಡುಗೆಮನೆಯ ಸಿಂಕಿನ ಮುಂದೆ ನಿಂತು ಓದಿದಳು. ಕೈ ಒರೆಸಿಕೊಂಡು ಇನ್ನೊಮ್ಮೆ ಓದಿದಳು. 1991ರ ಸೆಪ್ಟೆಂಬರ್‌ನಲ್ಲಿ ಅವಳು, ಡೆಸ್, ನೆವಿಲ್ ಮೂವರೂ ಮಂಜಿನಲ್ಲಿ ಹ್ಯಾಗ್‌ಶಾ ಹತ್ತಿದ್ದರು. ದಿಕ್ಸೂಚಿ ನೆವಿಲ್‌ನ ಕೈಯಲ್ಲಿತ್ತು. ಹತ್ತು ಹೆಜ್ಜೆಯಾಚೆ ಏನೂ ಕಾಣದ ಬಿಳುಪಿನಲ್ಲಿ ಇದ್ದಕ್ಕಿದ್ದಂತೆ ಆ ಕಾಂಕ್ರೀಟಿನ ಕಂಬ ಎದುರಿಗೆ ಬಂದಾಗ ಮೂವರೂ ಅದರ ತಲೆ ತಟ್ಟಿ, ಅದರ ಮರೆಯಲ್ಲಿ ಅರ್ಧರ್ಧ ಸ್ಯಾಂಡ್‌ವಿಚ್ ತಿಂದು ಇಳಿದಿದ್ದರು. ಭೂಮಾಪಕರು ಕಂಬ ನೆಡುವುದು ಸುತ್ತಲಿನ ಬೆಟ್ಟಗಳು ಚೆನ್ನಾಗಿ ಕಾಣುವ ಜಾಗದಲ್ಲಿ. ಅದೇ ತುತ್ತತುದಿ ಆಗಿರಬೇಕೆಂದೇನೂ ಇಲ್ಲ. ಅದು ಬೆರಿಲ್‌ಗೆ ಗೊತ್ತಿರದ ವಿಷಯವಲ್ಲ. ಆದರೆ ಆ ದಿನ ಪಟ್ಟಿಯ ಪುಸ್ತಕ ಅವಳ ಚೀಲದಲ್ಲಿರಲಿಲ್ಲ, ಅವಳು ಕೇಳಲೂ ಇಲ್ಲ. ಮನೆಯಲ್ಲಿ ಪುಸ್ತಕ ತೆಗೆದು ನೋಡಿದರೆ, ಹ್ಯಾಗ್‌ಶಾದ ಹೆಸರಿನ ಕೆಳಗೆ ಎರಡನೇ ಸಾಲಿನಲ್ಲೇ ಇತ್ತು, ಮೊದಲಿನಿಂದಲೂ ಇತ್ತು.

ಅವಳು ಹೇಳಿದ್ದು ನೆವಿಲ್‌ಗೆ ಮಾತ್ರ. ಏಳಡಿ ತಾನೇ, ಒಬ್ಬ ಎತ್ತರದ ಮನುಷ್ಯ ಟೋಪಿ ಹಾಕಿಕೊಂಡರೆ ಅಷ್ಟಾಯಿತು ಎಂದು ಅವನು ನಕ್ಕ. ಆ ಕಂಬ ಮುಟ್ಟಿ ಬಂದು ಮುಗಿಸಿದೆವೆಂದವರು ಪುಸ್ತಕದಲ್ಲಿ ಇನ್ನೂ ಐವತ್ತು ಜನ ಇರಬಹುದು ಎಂದ. ಇರಬಹುದು, ಬೆರಿಲ್ ಒಪ್ಪಿದಳು. ಆದರೆ ಡಿಸೆಂಬರ್ ಏಳರ ವಾರ್ಷಿಕ ಔತಣದಲ್ಲಿ ಹೊಸದಾಗಿ ಮುಗಿಸಿದವರ ಹೆಸರು ಓದಿ, ಗ್ಲಾಸು ಎತ್ತಿ ಹರಸುವ ಕೆಲಸವನ್ನು ಈ ವರ್ಷ ಅವಳಿಗೆ ಒಪ್ಪಿಸಿದ್ದರು. ತಾನು ಮುಗಿಸದೆ, ಮುಗಿಸಿದವರನ್ನು ಹರಸಲು ಅವಳಿಗೆ ಆಗುತ್ತಿರಲಿಲ್ಲ. ಬೇಸಿಗೆಯಲ್ಲೇ ಹೋಗಬೇಕಿತ್ತು. ಜೂನ್‌ನಲ್ಲಿ ಮೊಣಕಾಲಿಗೆ ಸೂಜಿ ಹಾಕಿಸಿಕೊಂಡಳು, ಜುಲೈನಲ್ಲಿ ಮತ್ತೆ. ಆಗಸ್ಟ್‌ನಲ್ಲಿ ಮೆಟ್ಟಿಲಿಳಿಯುವುದೇ ಕಷ್ಟವಾಗಿತ್ತು. ಮೀನ ಮೇಷ ಎಣಿಸುತ್ತ ಅಕ್ಟೋಬರ್ ಬಂತು.

ಮೊದಲ ಎರಡು ಮೈಲಿ ಹಳೆಯ ಸೀಸದ ಗಣಿಯ ದಾರಿ. ಕಲ್ಲು ಹಾಸಿದ್ದು, ಏರು ಕಡಿಮೆ. ಬೆರಿಲ್ ಎರಡೂ ಕೈಯಲ್ಲಿ ಕೋಲು ಹಿಡಿದು, ಎಡಗಾಲಿನಿಂದ ಹತ್ತಿ ಬಲಗಾಲನ್ನು ಅದರ ಪಕ್ಕಕ್ಕೆ ತಂದಿಡುತ್ತ ನಡೆದಳು. ನೆವಿಲ್ ಮುಂದೆ ಹೋಗಿ ನಿಲ್ಲುವುದು, ಅವಳು ಬಂದ ತಕ್ಷಣ ಹೊರಡುವುದು. ಹೀಗೆ ಅವನಿಗೆ ವಿಶ್ರಾಂತಿ ಸಿಗುತ್ತಿತ್ತು, ಅವಳಿಗಿಲ್ಲ. ಮೂರನೇ ಸಲಕ್ಕೆ ಅವಳು ಅದನ್ನು ಹೇಳಿದಳು. ಆಮೇಲೆ ಅವನು ಹಿಂದೆ ಬಂದ. ಹಿಂದೆ ಬಂದರೆ ಬಾಯಿ ಸುಮ್ಮನಿರಲಿಲ್ಲ. ಗೋಡೆ ಹಾರುವ ಕುರಿಗಳ ಬಗ್ಗೆ, ಹೊಸ ಬಸ್ಸುಗಳ ಸೀಟಿನ ಬಗ್ಗೆ, ತನ್ನ ನೆರೆಮನೆಯವನು ಬೇಲಿ ಕತ್ತರಿಸುವ ರೀತಿಯ ಬಗ್ಗೆ ಹೇಳುತ್ತಲೇ ಇದ್ದ. ಹೀದರ್ ಪೊದೆಯಿಂದ ಗ್ರೌಸ್ ಹಕ್ಕಿಯೊಂದು ಕಾಲಬುಡದಲ್ಲೇ ಎದ್ದು ಒದರುತ್ತ ಹಾರಿಹೋದಾಗ, ಅದು ವಾಪಸ್ಸು ಹೋಗಿ ವಾಪಸ್ಸು ಹೋಗಿ ಅಂತಿದೆ, ಬೇರೆ ಯಾರಿಗೂ ಕೇಳಿಸಲಿಲ್ಲವೇ ಎಂದ. ಬೆರಿಲ್ ಕೋಲು ಊರಿ ಮುಂದಿನ ಹೆಜ್ಜೆ ಇಟ್ಟಳು. ಉಸಿರು ಲೆಕ್ಕದಲ್ಲಿತ್ತು.

ಗಣಿಯ ದಾರಿ ಮುಗಿದ ಮೇಲೆ ಕಲ್ಲಿನ ಗೋಡೆ, ಅದಕ್ಕೊಂದು ಏಣಿಮೆಟ್ಟಿಲು. ಹತ್ತುವುದು ಐದು, ಇಳಿಯುವುದು ಐದು. ಹಿಂದೆ ಅವಳು ಅಂಥದ್ದನ್ನು ಚಹಾ ಹೀರುತ್ತಲೇ ದಾಟಿದವಳು. ಈಗ ಮೇಲೆ ಕೂತು, ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಆಚೆ ಬದಿಗೆ ಹಾಕಿಕೊಳ್ಳಬೇಕಾಯಿತು. ನೆವಿಲ್ ತೋಳು ಹಿಡಿಯಲು ಬಂದ, ಬೇಡವೆಂದಳು. ಅಲ್ಲಿಂದ ಮುಂದೆ ಒದ್ದೆ ಹುಲ್ಲಿನ ನೆಟ್ಟಗಿನ ಏರು. ಗಂಟೆಗೆ ಒಂದು ಮೈಲಿಯೂ ಸಾಗಲಿಲ್ಲ. ನೂರು ಹೆಜ್ಜೆ ಎಣಿಸಿ ನಿಲ್ಲುವುದು ಎಂದುಕೊಂಡಿದ್ದಳು. ಅದು ಎಂಬತ್ತಾಯಿತು, ಐವತ್ತಾಯಿತು; ಆಮೇಲೆ ಎಣಿಸುವುದಕ್ಕೂ ಬೇಸರವಾಗಿ ನಿಂತಾಗ ನಿಂತಳು.

ಕಂಬ ತಲುಪಿದಾಗ ಹನ್ನೆರಡು ಐವತ್ತೈದು. ಮೋಡ ಮೇಲಿತ್ತು, ಗಾಳಿ ಪಶ್ಚಿಮದ್ದು, ಮಳೆ ಇರಲಿಲ್ಲ. ಈಡನ್ ಕಣಿವೆಯಾಚೆ ಲೇಕ್ ಸೀಮೆಯ ಬೆಟ್ಟಗಳು ಸಾಲಾಗಿ ಕಾಣುತ್ತಿದ್ದವು. ಇಬ್ಬರೂ ಅತ್ತ ನೋಡಲಿಲ್ಲ. ಪೂರ್ವಕ್ಕೆ ನೋಡಿದರು.

ಮಂಜಿಲ್ಲದ ದಿನ ನೋಡಿದರೆ ಅದರಲ್ಲಿ ಯಾವ ಗುಟ್ಟೂ ಇರಲಿಲ್ಲ. ಕಪ್ಪು ಜೌಗುನೆಲ ಸೀಳುಸೀಳಾಗಿ ಹರಡಿತ್ತು. ಅದರ ಆಚೆ ತುದಿಯಲ್ಲಿ, ಹಳದಿ ಹುಲ್ಲು ಹೊದ್ದ ಒಂದು ದಿಬ್ಬ, ಆಕಾಶದ ಗೆರೆಯ ಮೇಲೆ ಸ್ಪಷ್ಟವಾಗಿ ಎದ್ದು ನಿಂತಿತ್ತು. ಅಳೆಯಲು ಯಾವ ಯಂತ್ರವೂ ಬೇಕಿರಲಿಲ್ಲ. ಅದು ಎತ್ತರ, ಇದು ತಗ್ಗು.

ನೆವಿಲ್ ಹಂದಿಮಾಂಸದ ಪೈಯನ್ನು ಚಾಕುವಿನಿಂದ ಎರಡು ಮಾಡುತ್ತಿದ್ದವನು ಅದನ್ನು ನೋಡಿ ಸುಮ್ಮನಾದ. ಆ ದಿನ ಬೆಳಗಿನಿಂದ ಅವನು ಸುಮ್ಮನಾದದ್ದು ಅದೇ ಮೊದಲು.

"ಏನೂ ಅನ್ನಲ್ವಾ?" ಎಂದಳು ಬೆರಿಲ್.

"ಪೈ ತಿನ್ನು. ತಣ್ಣಗಾಗತ್ತೆ."

"ಅದು ನಿನ್ನೆಯಿಂದ ತಣ್ಣಗೇ ಇದೆ."

ಫ್ಲಾಸ್ಕಿನ ಚಹಾ ಕುಡಿದರು. ಬೆರಿಲ್ ಎರಡು ನೋವಿನ ಮಾತ್ರೆ ನುಂಗಿದಳು; ಮುಂದಿನದು ಐದು ಗಂಟೆಗೆ ಎಂದು ನೆವಿಲ್‌ಗೆ ಹೇಳಿಟ್ಟಳು. ಸೂರ್ಯ ಮುಳುಗುವುದು ಆರಕ್ಕೆ. ಇಳಿಯಲು ಮೂರೂವರೆ ಗಂಟೆ ಬೇಕೆಂದರೆ ಎರಡೂವರೆಗೆ ಕಂಬದ ಹತ್ತಿರ ವಾಪಸ್ಸಿರಬೇಕು. ದಿಬ್ಬಕ್ಕೆ ಹೋಗಿ ಬರಲು ಉಳಿಯುವುದು ಒಂದು ಗಂಟೆ ಹತ್ತು ನಿಮಿಷ. ಕಾಲು ಸರಿಯಿದ್ದ ಕಾಲದಲ್ಲಿ ಅದು ಅರ್ಧ ಗಂಟೆಯ ಕೆಲಸ.

ಒಂದೂ ಇಪ್ಪತ್ತಕ್ಕೆ ಹೊರಟರು. ದೂರದಿಂದ ಸಪಾಟಾಗಿ ಕಂಡದ್ದು ಒಳಗೆ ಹೋದಾಗ ಸಪಾಟಾಗಿರಲಿಲ್ಲ. ನೀರು ಕೊರೆದ ಕೊರಕಲುಗಳು, ಒಂದೊಂದೂ ಆಳೆತ್ತರ. ಇಳಿದರೆ ದಿಬ್ಬ ಕಣ್ಮರೆ, ಹತ್ತಿದರೆ ಇನ್ನೊಂದು ಕೊರಕಲು. ದಂಡೆಯ ಕರಿಮಣ್ಣು ಬೆಣ್ಣೆಯಂತೆ ಜಾರುತ್ತಿತ್ತು. ಬೆರಿಲ್ ಪ್ರತಿ ಸಲವೂ ಕೂತುಕೊಂಡೇ ಜಾರಿ ಇಳಿದಳು, ಕೈ ಊರಿ ಹುಲ್ಲು ಹಿಡಿದು ಆಚೆ ಹತ್ತಿದಳು. ಸುತ್ತಿ ಬಳಸಿ ಹೋಗೋಣವೆಂದು ನೆವಿಲ್ ಹೇಳಿದ; ಸುತ್ತಿದರೆ ದೂರ ಎರಡರಷ್ಟು. ಎಂಟು ಕೊರಕಲು ದಾಟಿದರು. ಅವನು ಕೈ ಕೊಟ್ಟ, ಈಗ ಅವಳು ಹಿಡಿದುಕೊಂಡಳು. ಇಬ್ಬರ ಮುಖದ ಮೇಲೂ ಕರಿಮಣ್ಣು. ಹಾಳಾದ ಏಳಡಿ ಎಂದು ಅವನು ಒಂದು ಸಲ ಅಂದ. ಅವಳ ತಲೆಯಲ್ಲಿ ಓಡುತ್ತಿದ್ದುದೂ ಅದೇ. ಆದರೆ ತಾನೇ ಎಳೆದುಕೊಂಡು ಬಂದವಳು ಅನ್ನುವಂತಿರಲಿಲ್ಲ.

ಒಂಬತ್ತನೆಯದು ಅಗಲವಾಗಿತ್ತು. ತಳದಲ್ಲಿ ಹಸಿರು ಪಾಚಿ, ಅದರ ನಡುವೆ ನೀರಿನ ಸಣ್ಣ ಗೆರೆ. ಬೆರಿಲ್ ಕೋಲಿನಿಂದ ತಡವಿ ನೋಡಿಯೇ ಬಲಗಾಲು ಇಟ್ಟಳು. ಕೋಲು ನಿಂತಿತ್ತು, ಕಾಲು ನಿಲ್ಲಲಿಲ್ಲ. ತೊಡೆಯವರೆಗೆ ಹೂತುಹೋಯಿತು. ಮೈ ಮುಂದಕ್ಕೆ ವಾಲಿ ಎಡಕ್ಕೆ ತಿರುಗಿತು. ಪಾದ ಕೆಸರಿನೊಳಗೆ ಮೊದಲಿದ್ದ ದಿಕ್ಕಿನಲ್ಲೇ ಉಳಿಯಿತು. ಮೊಣಕಾಲಿನೊಳಗೆ ಏನೋ ಜಾರಿದ್ದು ಅವಳಿಗೆ ನೋವಿಗಿಂತ ಮೊದಲೇ ಗೊತ್ತಾಯಿತು.

ನೆವಿಲ್ ಅವಳ ಬೆನ್ನಚೀಲದ ಪಟ್ಟಿ ಹಿಡಿದು, ತಾನೇ ಹಿಂದಕ್ಕೆ ಬಿದ್ದು, ಹೊರಗೆಳೆದ. ಬೂಟು ಕಾಲಲ್ಲೇ ಬಂತು, ಅದೊಂದು ಪುಣ್ಯ. ದಂಡೆಯ ಮೇಲೆ ಕೂರಿಸಿದ. ಬೆರಿಲ್ ಪ್ಯಾಂಟಿನ ಮೇಲಿನಿಂದಲೇ ಬೆರಳಾಡಿಸಿ ನೋಡಿದಳು. ಮೂಳೆ ಮುರಿದಿಲ್ಲ. ಒಳಬದಿಯ ಲಿಗಮೆಂಟು ಎಳೆದುಕೊಂಡಿದೆ. ಊತ ಆಗಲೇ ಶುರುವಾಗಿದೆ. ಇದೇ ರೋಗಿ ತನ್ನ ಪಾಲಿಗೆ ಬಂದಿದ್ದರೆ ಏನು ಹೇಳುತ್ತಿದ್ದೆ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಎದ್ದು ನಿಂತಳು. ಮೂರು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಮೊಣಕಾಲು ಪಕ್ಕಕ್ಕೆ ಬಾಗಿತು. ಕೋಲಿನ ಮೇಲೆ ಇಡೀ ಭಾರ ಬಿಟ್ಟು ನಿಂತು, ನಿಧಾನವಾಗಿ ಮತ್ತೆ ಕೂತಳು.

ದಿಬ್ಬ ಅಲ್ಲಿಂದ ಕಾಣುತ್ತಿತ್ತು. ನೂರಿಪ್ಪತ್ತು ಮೀಟರ್ ಇರಬಹುದು. ಒಂದು ಕುರಿ ಅದರ ಮೇಲೆ ಮೇಯುತ್ತಿತ್ತು.

ನೂರಿಪ್ಪತ್ತು ಹೋಗಲು, ನೂರಿಪ್ಪತ್ತು ಬರಲು, ಆಮೇಲೆ ಇದೇ ಕೊರಕಲುಗಳು, ಆಮೇಲೆ ನಾಲ್ಕು ಮೈಲಿ ಇಳಿಜಾರು. ತೆವಳಿದರೆ ದಿಬ್ಬ ಮುಟ್ಟಬಹುದು. ಮುಟ್ಟಿದ ಮೇಲೆ ಕಾಲು ಪೂರ್ತಿ ಕೈಕೊಟ್ಟರೆ ಫೋನು ಹೊಡೆಯಬೇಕು. ರಕ್ಷಣಾ ತಂಡದ ಹನ್ನೆರಡು ಜನ ಅಂಗಡಿ, ಹಟ್ಟಿ, ಮಕ್ಕಳ ಊಟ ಬಿಟ್ಟು ಸ್ಟ್ರೆಚರ್ ಹೊತ್ತು ಬರಬೇಕು. ಅವರಲ್ಲಿ ಅರ್ಧ ಜನರ ಹೆಸರು ಅವಳಿಗೆ ಗೊತ್ತು. ಇಬ್ಬರು ಹುಟ್ಟುವಾಗ ಹೆರಿಗೆಗೆ ಅವಳೇ ನಿಂತಿದ್ದಳು. ಏನಾಯಿತು ಎಂದು ಅವರು ಕೇಳುತ್ತಾರೆ. ಏಳಡಿ ಎತ್ತರದ ಹುಲ್ಲಿನ ದಿಬ್ಬ ಮುಟ್ಟಬೇಕಿತ್ತು ಎಂದು ಹೇಳಬೇಕು.

"ನೀನು ಹೋಗಿ ಬಾ," ಎಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಲ್ಲೆನೆಂದ. ಈ ಹುಚ್ಚು ಅವಳದು, ತನ್ನದಲ್ಲ. ತಾನೊಬ್ಬನೇ ಹೋಗಿ ಏನು ಕಿಸಿಯಬೇಕು ಎಂದ. ನಾನೂರ ಹದಿಮೂರೂ ಸುಳ್ಳೇ ಎಂದು ಬೆರಿಲ್ ನೆನಪಿಸಿದಳು. ಅದು ಸುಳ್ಳಾಗಿಯೇ ಇರಲಿ, ತನಗೇನೂ ನಿದ್ದೆ ಕೆಟ್ಟಿಲ್ಲ ಎಂದ. ಅವಳು ವಾದ ಮಾಡಲಿಲ್ಲ. ಗಡಿಯಾರ ನೋಡಿ, ಎರಡು ಹತ್ತು, ಇಪ್ಪತ್ತು ನಿಮಿಷ ಕೊಟ್ಟಿದ್ದೇನೆ, ಹೇಗೂ ಈ ಕಾಲಿಗೆ ಪಟ್ಟಿ ಕಟ್ಟಿಕೊಳ್ಳಲು ಅಷ್ಟು ಹೊತ್ತು ಬೇಕು ಎಂದಳು. ಅವನು ಗೊಣಗುತ್ತ ಹೋದ.

ಪಟ್ಟಿ ಸುತ್ತುತ್ತ ಅವಳು ಅವನ ಬೆನ್ನು ನೋಡುತ್ತಿದ್ದಳು. ಇನ್ನೊಂದೇ ಕೊರಕಲು ಇತ್ತು. ಅದರೊಳಗೆ ಮುಳುಗಿ ಎದ್ದ. ಕುರಿ ಪಕ್ಕಕ್ಕೆ ಸರಿಯಿತು. ಅವನು ಮೇಲೆ ಹೋಗಿ ನಿಂತ. ಕೈ ಎತ್ತಲಿಲ್ಲ, ಬೀಸಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅಷ್ಟು ಸುಲಭವಾಗಿ ಒಬ್ಬ ಅಲ್ಲಿ ನಿಲ್ಲಬಹುದು ಎಂಬುದು ಅವಳಿಗೆ ತಡೆಯಲಾಗದಷ್ಟು ಕಷ್ಟವಾಯಿತು. ಪಟ್ಟಿಯ ಪಿನ್ನು ಹಾಕಲು ತಲೆ ಬಗ್ಗಿಸಿದಳು. ಪಿನ್ನು ಹಾಕಿಯಾದ ಮೇಲೂ ಎತ್ತಲಿಲ್ಲ.

ಬಂದವನು ಅವಳ ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತು ಏದುಸಿರು ಬಿಟ್ಟ.

"ಇಬ್ಬರದೂ ಮುಟ್ಟಿ ಬಂದಿದೀನಿ," ಎಂದ. "ನೀನೂ ನಿಂತಿದ್ದೆ. ಯಾರು ಕೇಳಿದ್ರೂ ನಾನು ಹಂಗೇ ಹೇಳೋದು. ದೇವರಾಣೆ ಬೇಕಾದ್ರೂ ಇಡ್ತೀನಿ."

"ಬೇಡ ನೆವಿಲ್."

"ನೂರಿಪ್ಪತ್ತು ಮೀಟರು ಮಾರಾಯ್ತಿ. ಇಲ್ಲಿಂದ ಕಲ್ಲೆಸೆದ್ರೆ ಬೀಳತ್ತೆ."

"ನೀನು ಕಲ್ಲೆಸೆಯೋದು ನೋಡಿದೀನಿ. ಬೀಳಲ್ಲ."

ಅವನು ನಗಲಿಲ್ಲ. ಕೈಗವಸು ಕಳಚಿ ಕೆಸರು ಉಜ್ಜುತ್ತ ಕೂತ. ಆಮೇಲೆ, ಅವಳ ಕಡೆ ನೋಡದೆ, "ಆವತ್ತು ನಂಗೆ ಗೊತ್ತಿತ್ತು," ಎಂದ.

"ಏನು ಗೊತ್ತಿತ್ತು?"

"ಕಂಬ ತುದಿ ಅಲ್ಲ ಅಂತ. ಬೆಳಿಗ್ಗೆ ಚಹಾ ಕುಡೀತಾ ಪುಸ್ತಕ ಓದಿದ್ದೆ. ಎರಡನೇ ಸಾಲೂ ಓದಿದ್ದೆ. ಕಂಬ ಸಿಕ್ಕಾಗ ನೀವಿಬ್ರೂ ಇದೇ ತಾನೇ ಅಂತ ನನ್ನ ಮುಖ ನೋಡಿದ್ರಿ. ಹೂಂ ಇದೇ ಅಂದುಬಿಟ್ಟೆ."

ಗಾಳಿ ಹುಲ್ಲನ್ನು ಒಂದೇ ಕಡೆಗೆ ಮಲಗಿಸಿತ್ತು. ಬೆರಿಲ್ ಆ ದಿನದಿಂದೀಚೆಗಿನ ಇಪ್ಪತ್ತೆಂಟು ವರ್ಷವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಲು ನೋಡಿದಳು, ಆಗಲಿಲ್ಲ.

"ಡೆಸ್‌ಗೆ ಚಳಿ ಹಿಡಿದಿತ್ತು, ಅದಕ್ಕೆ ಹಂಗಂದೆ ಅಂತ ಹೇಳಬಹುದು," ಎಂದ ನೆವಿಲ್. "ಹಂಗೇ ಅಂದ್ಕೊಂಡು ಬಂದಿದೀನಿ ಇಷ್ಟು ದಿನ. ಆದ್ರೆ ಅವನು ಚೆನ್ನಾಗೇ ಇದ್ದ. ನಂಗೇ ಸಾಕಾಗಿತ್ತು. ಒದ್ದೆಯಾಗಿತ್ತು, ಮನೆಗೆ ಹೋಗ್ಬೇಕಿತ್ತು, ಅಷ್ಟೇ. ಇನ್ನೊಂದು ದಿನ ಬಂದ್ರಾಯ್ತು ಅನ್ಕೊಂಡೆ. ಆಮೇಲೆ ನೀವಿಬ್ರೂ ಪೆನ್ನು ತಗೊಂಡು ಗೀಟು ಹಾಕ್ಬಿಟ್ರಿ."

ಬೈಯಬೇಕೆಂದು ಅವಳಿಗೆ ಅನ್ನಿಸಿತು. ಬೈಗುಳ ಹುಡುಕಿದಳು, ಸಿಕ್ಕವೂ ಕೂಡ. ಆದರೆ ಅವನ್ನೆಲ್ಲ ಎತ್ತಿ ಹೊರಗೆ ಹಾಕುವ ಶಕ್ತಿ ಆ ಹೊತ್ತಿಗೆ ಮೈಯಲ್ಲಿರಲಿಲ್ಲ. ಇದ್ದಷ್ಟನ್ನು ಕೆಳಗಿಳಿಯಲು ಇಟ್ಟುಕೊಳ್ಳಬೇಕಿತ್ತು.

"ನಂಗೂ ಸಾಕಾಗಿತ್ತು ಆವತ್ತು," ಎಂದಳು. "ನೀನು ಕೇಳಿದ್ದಿದ್ರೆ, ಬೇಡ, ನಡಿ ಮನೆಗೆ ಅಂತಿದ್ದೆ. ಆದ್ರೆ ಪಟ್ಟಿಯಲ್ಲಿ ಗೀಟು ಹಾಕ್ತಿರ್ಲಿಲ್ಲ. ಆಗ ಈ ಮೊಣಕಾಲು ಚೆನ್ನಾಗಿತ್ತು ಕಣೋ. ಇಪ್ಪತ್ತೈದು ವರ್ಷ ಚೆನ್ನಾಗಿತ್ತು. ಯಾವ ಭಾನುವಾರ ಬೇಕಾದ್ರೂ ಬರಬಹುದಿತ್ತು."

ನೆವಿಲ್ ಕೈಗವಸು ಮತ್ತೆ ಹಾಕಿಕೊಂಡ. ಅವಳ ಹೆಸರು ಪುಸ್ತಕದಿಂದ ಹೋಗುವುದಾದರೆ ತನ್ನದನ್ನೂ ತೆಗೆಸಿಬಿಡುತ್ತೇನೆ ಎಂದ. ಅವನ ಹೆಸರು ಇವತ್ತಿಗೆ ಸರಿಯಾಗಿದೆ, ಇನ್ನು ಅದನ್ನು ಕೆಡಿಸಬೇಡ ಎಂದು ಬೆರಿಲ್ ಹೇಳಿ, ಎಬ್ಬಿಸು ಎಂದು ಕೈ ಚಾಚಿದಳು.

ಇಳಿದದ್ದರ ಬಗ್ಗೆ ಹೇಳಲು ಹೆಚ್ಚಿಲ್ಲ. ಕೊರಕಲುಗಳನ್ನು ಈ ಸಲ ಸುತ್ತಿ ಬಳಸಿಯೇ ಬಂದರು. ಕಂಬದ ಹತ್ತಿರ ಇಬ್ಬರೂ ನಿಲ್ಲಲಿಲ್ಲ. ಹುಲ್ಲಿನ ಇಳಿಜಾರಿನಲ್ಲಿ ಅವಳು ಬಹುಪಾಲು ಕೂತುಕೊಂಡೇ ಜಾರಿದಳು; ನೆವಿಲ್ ಕೆಳಗೆ ನಿಂತು ಬೂಟು ಹಿಡಿದು ತಡೆದ. ಏಣಿಮೆಟ್ಟಿಲ ಹತ್ತಿರ ಅವಳನ್ನು ಬೆನ್ನಿನ ಮೇಲೆ ಹಾಕಿಕೊಳ್ಳಲು ನೋಡಿ, ಎರಡನೇ ಮೆಟ್ಟಿಲಿಗೆ ತನ್ನ ಸೊಂಟವೂ ಹಿಡಿದುಕೊಂಡಿತೆಂದು ಇಳಿಸಿದ. ಗೋಡೆಗೊರಗಿ ಇಬ್ಬರೂ ಏದುಸಿರು ಬಿಡುತ್ತ ನಿಂತರು. ಇದನ್ನು ಯಾರಾದರೂ ನೋಡಿದರೆ ನಾಳೆ ಇಡೀ ಆಪಲ್‌ಬಿ ಊರಿಗೆ ಗೊತ್ತಾಗುತ್ತದೆ ಎಂದು ಅವನೆಂದ. ಐದು ಗಂಟೆಗೆ ಮಾತ್ರೆ ಎಂದು ಅವನೇ ನೆನಪಿಸಿ ಕೊಟ್ಟ. ಗಣಿಯ ದಾರಿಯಲ್ಲಿ ಅವಳು ಅವನ ಹೆಗಲಿಗೆ ಕೈ ಹಾಕಿದಳು. ಎರಡು ಮೈಲಿಗೆ ಒಂದೂವರೆ ಗಂಟೆ. ಗೇಟು ತಲುಪಿದಾಗ ಕತ್ತಲಾಗಿತ್ತು.

ಬೆಟ್ಟದ ಬುಡದಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ; ಬಂದದ್ದು ರಸ್ತೆಯಲ್ಲಿ ಮೂರು ಮೈಲಿ ಕೆಳಗೆ, ಸೇತುವೆಯ ಹತ್ತಿರ. ಬೆರಿಲ್ ಕಾರು ನಿಲ್ಲಿಸಲು ಹೇಳಿದಳು. ಹೆಸ್ಟರ್‌ಗೆ ನಾಳೆ ಫೋನು ಮಾಡಿದರೆ ಆಗದೇ ಎಂದು ನೆವಿಲ್ ಕೇಳಿದ. ಬಿಸಿನೀರಲ್ಲಿ ಮಿಂದು, ಹೊಟ್ಟೆಗೆ ಬಿದ್ದು, ನಿದ್ದೆಯಾದ ಮೇಲೆ ಇದನ್ನು ಮಾಡಲು ತನಗೆ ಮನಸ್ಸು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಈಗ ಯಾವುದಕ್ಕೂ ಮನಸ್ಸಿಲ್ಲ. ಹಾಗಾಗಿ ಇದಕ್ಕೂ ಅಡ್ಡಿಯಿಲ್ಲ.

ಹೆಸ್ಟರ್ ರೇನ್ ಎರಡನೇ ರಿಂಗಿಗೇ ಫೋನು ಎತ್ತಿದಳು. ಬೆರಿಲ್ ಹೇಳಬೇಕಾದ್ದನ್ನು ಕ್ರಮವಾಗಿ ಹೇಳಿದಳು: 1991ರಲ್ಲಿ ಕಂಬ ಮಾತ್ರ, ಇವತ್ತು ನೆವಿಲ್ ತುದಿ ಮುಟ್ಟಿದ, ಸುಮಾರು ಎರಡು ಇಪ್ಪತ್ತಕ್ಕೆ, ತಾನು ನೂರಿಪ್ಪತ್ತು ಮೀಟರ್ ಈಚೆ ಉಳಿದೆ, ತನ್ನ ಹೆಸರು ತೆಗೆಯಬೇಕು. ನೆವಿಲ್‌ಗೆ ಗೊತ್ತಿತ್ತು ಎಂಬುದನ್ನು ಹೇಳಲಿಲ್ಲ. ಅವನು ಸ್ಟೇರಿಂಗ್ ಮೇಲೆ ಎರಡೂ ಕೈಯಿಟ್ಟು, ಬಸ್ಸು ನಿಲ್ಲಿಸಿದಾಗ ಕೂರುತ್ತಿದ್ದ ಹಾಗೆ ನೇರ ಮುಂದೆ ನೋಡುತ್ತ ಕೂತಿದ್ದ.

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಇಪ್ಪತ್ತೆರಡು ವರ್ಷದಿಂದ ಈ ಪುಸ್ತಕ ನನ್ನ ಹತ್ರ ಇದೆ," ಎಂದಳು ಹೆಸ್ಟರ್. "ಹೆಸರು ಹಾಕು ಅಂತ ಫೋನ್ ಮಾಡ್ತಾರೆ. ತೆಗಿ ಅಂತ ಯಾರೂ ಮಾಡಿಲ್ಲ. ಫೋನು ಸರಿಯಾಗಿ ಕೇಳಿಸ್ಲಿಲ್ಲ ಅಂತ ನಾನು ಇಟ್ಟುಬಿಡಬಹುದು, ಬೆರಿಲ್. ನಂಗೆ ಎಂಬತ್ನಾಲ್ಕು. ಯಾರೂ ಏನೂ ಅನ್ನಲ್ಲ."

"ಕೇಳಿಸಿದೆ ನಿಮಗೆ."

"ಕೇಳಿಸಿದೆ," ಎಂದು ಹೆಸ್ಟರ್ ಒಪ್ಪಿಕೊಂಡಳು. ಕಾಗದ ಮಗುಚುವ ಸದ್ದಾಯಿತು. ನಾನೂರ ಹನ್ನೆರಡು ಖಾಲಿ ಬಿಡುತ್ತೇನೆ, ಒಮ್ಮೆ ಕೊಟ್ಟ ಸಂಖ್ಯೆ ಇನ್ನೊಬ್ಬರಿಗೆ ಕೊಡುವ ಪದ್ಧತಿ ಇಲ್ಲ ಎಂದಳು. ನಾನೂರ ಹದಿಮೂರೂ ಖಾಲಿ. ಮುಗಿಸಿದ್ದು ಇವತ್ತಾದ್ದರಿಂದ ನೆವಿಲ್ ಸಾಲಿನ ಕೊನೆಗೆ ಹೋಗಬೇಕು, ನಾನೂರ ನಲವತ್ತೇಳು. ಹಾಗಾಗಿ ಔತಣದಲ್ಲಿ ಓದುವ ಹೊಸಬರ ಪಟ್ಟಿಯಲ್ಲಿ ಅವನ ಹೆಸರೂ ಇರುತ್ತದೆ, ಅವನು ಎದ್ದು ನಿಲ್ಲಬೇಕಾಗುತ್ತದೆ. ನೆವಿಲ್ ಜೋರಾಗಿ ತಲೆ ಅಲ್ಲಾಡಿಸಿದ. ನಿಲ್ಲುತ್ತಾನೆ ಎಂದು ಬೆರಿಲ್ ಹೇಳಿದಳು.

ಗ್ಲಾಸು ಎತ್ತಲು ಬೇರೆಯವರನ್ನು ನೋಡುತ್ತೇನೆ ಎಂದು ಹೆಸ್ಟರ್ ಹೇಳಿದಳು. ಅದಕ್ಕೆ ಬೆರಿಲ್ ಹೂಂ ಎಂದಳು. ಆ ಹೂಂ ಅವಳು ಅಂದುಕೊಂಡದ್ದಕ್ಕಿಂತ ಸಣ್ಣದಾಗಿ ಬಂತು. ಹೆಸ್ಟರ್ ಅದನ್ನು ಗಮನಿಸಿದಳೋ ಇಲ್ಲವೋ, ಊಟದ ಮೇಜಿನ ವಿಷಯಕ್ಕೆ ಬಂದಳು. ಮುಗಿಸಿದವರು ಒಂದು ಕಡೆ, ಉಳಿದವರು ಎಷ್ಟು ಬಾಕಿ ಎಂಬುದರ ಪ್ರಕಾರ ಇನ್ನೊಂದು ಕಡೆ. ಅದು ಕ್ಲಬ್ಬಿನ ರೂಢಿ.

"ನಿನ್ನ ಒಂದು ಬಾಕಿಯವರ ಮೇಜಿಗೆ ಹಾಕ್ಬೇಕು," ಎಂದಳು. "ಅಲ್ಲಿ ಇರೋದು ಒಬ್ಬನೇ, ವಾಲ್ಟರ್ ಟೀಸ್‌ಡೇಲ್. ಒಂಬತ್ತು ವರ್ಷದಿಂದ ಅಲ್ಲೇ ಕೂರ್ತಾನೆ. ಕೊನೇದು ಬಂಡೆ ಹತ್ಬೇಕಾದ ಜಾಗ, ಅವನಿಗೆ ಎತ್ತರ ಅಂದ್ರೆ ಭಯ. ಮಾತು ಮಾತ್ರ ನಿಲ್ಸಲ್ಲ. ಬೇಡ ಅಂದ್ರೆ ಎರಡು ಬಾಕಿಯವರ ಜೊತೆ ಹಾಕ್ತೀನಿ, ಅವ್ರು ನಾಲ್ಕು ಜನ ಇದಾರೆ."

"ಅದು ಲೆಕ್ಕಕ್ಕೆ ಸರಿ ಹೋಗಲ್ಲ," ಎಂದಳು ಬೆರಿಲ್. "ವಾಲ್ಟರ್ ಮೇಜು ಬಾಗಿಲಿಗೆ ಹತ್ರ ಇದೆಯಾ? ಊರುಗೋಲು ಇರತ್ತೆ ಆಗ."

"ಬಾಗಿಲ ಪಕ್ಕದಲ್ಲೇ. ಗಾಳಿ ಬರತ್ತೆ."

"ಬರಲಿ. ಅಲ್ಲೇ ಬರ್ಕೊಳ್ಳಿ."

ಹೆಸ್ಟರ್ ಬರೆದುಕೊಳ್ಳುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಪೆನ್ಸಿಲಿನ ಸದ್ದು ನಿಧಾನವಾಗಿತ್ತು. ಅದು ನಿಲ್ಲುವವರೆಗೂ ಬೆರಿಲ್ ಕಾದಳು.